ಗಲ್ಲಾ ಒಂದೇ, ಲೆಕ್ಕ ಎರಡು: ಸ್ಟೇಷನರಿ ಅಂಗಡಿಯ ಮಾರಾಟವನ್ನು ಸರಕಿನಂತೆಯೂ ಊರಿನಂತೆಯೂ ಬಿಡಿಸಿ ಬರೆಯುವ ಬಗೆ

ವಿಜಯಪುರದ ಜಲನಗರದಲ್ಲಿ ಒಂದು ಸ್ಟೇಷನರಿ ಅಂಗಡಿ ಇದೆ ಎಂದುಕೊಳ್ಳಿ. ಮುಂದೆ ನೋಟ್‌ಬುಕ್, ಪೆನ್ನು, ಕಂಪಾಸ್ ಬಾಕ್ಸು. ಒಳಗೆ ಎ4 ಕಾಗದದ ರೀಮು, ಫೈಲು, ರಜಿಸ್ಟರು. ಬದಿಗೆ ಜೆರಾಕ್ಸ್ ಯಂತ್ರ. ವಾರಕ್ಕೊಮ್ಮೆ ತಿಕೋಟಾ ಕಡೆಗೆ, ಇನ್ನೊಮ್ಮೆ ಬಬಲೇಶ್ವರ ಕಡೆಗೆ ಮಾಲು ಒಯ್ಯಲು ಒಂದು ಟಂಟಂ. ಮಾಲೀಕರನ್ನು "ಹೋದ ವರ್ಷ ವ್ಯಾಪಾರ ಎಷ್ಟಾತ್ರಿ?" ಎಂದು ಕೇಳಿದರೆ "ಅರವತ್ತು ಲಕ್ಷ" ಎಂದು ತಟ್ಟನೆ ಹೇಳುತ್ತಾರೆ. "ಅದರಾಗ ತಿಕೋಟಾದ್ದೆಷ್ಟು, ಜೆರಾಕ್ಸಿನಾಗ ಉಳಿದದ್ದೆಷ್ಟು?" ಎಂದರೆ ಮಾತ್ರ "ಅದನ್ನ ನಮ್ಮ ಸಿಎ ಸಾಹೇಬರಿಗೆ ಕೇಳಬೇಕ್ರಿ" ಎನ್ನುತ್ತಾರೆ.

ಸಿಎ ಬಳಿಯೂ ಆ ಉತ್ತರ ಇರುವುದಿಲ್ಲ. ಅವರಿಗೆ ಸಿಗುವುದು ಬಿಲ್ಲಿನ ಮೊತ್ತ, ತೆರಿಗೆ ದರ, ಗಿರಾಕಿಯ ಜಿಎಸ್‌ಟಿ ಸಂಖ್ಯೆ ಇಷ್ಟೇ. ಯಾವ ಸರಕು ಯಾವ ಊರಿಗೆ ಹೋಯಿತೆಂಬುದನ್ನು ಬಿಲ್ ಹರಿಯುವ ಹೊತ್ತಿಗೇ ಬರೆದಿಡದಿದ್ದರೆ ಮಾರ್ಚ್ ಕೊನೆಗೆ ಯಾರು ಕೂತರೂ ಅದನ್ನು ಬಿಡಿಸಲಾಗದು. ಈ ಕೆಲಸ ಕೌಂಟರಿನದು, ಲೆಕ್ಕಿಗರ ಮೇಜಿನದಲ್ಲ. ಅದನ್ನು ಹೇಗೆ ಮಾಡಬೇಕು, ಮಾಡಿದರೆ ಏನು ಸಿಗುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ದೊಡ್ಡವರ ಕಡ್ಡಾಯ, ಸಣ್ಣವರ ಅನುಕೂಲ

ದೊಡ್ಡ ಕಂಪನಿಗಳಿಗೆ ಇದು ಕಡ್ಡಾಯ. ಭಾರತದ ಲೆಕ್ಕಪರಿಶೋಧಕರ ಸಂಸ್ಥೆಯ 17ನೇ ಲೆಕ್ಕ ಮಾನದಂಡ ವ್ಯವಹಾರವನ್ನು ಎರಡು ಬಗೆಯಲ್ಲಿ ಬಿಡಿಸಿ ತೋರಿಸಲು ಹೇಳುತ್ತದೆ. ಒಂದು ಸರಕು ಅಥವಾ ಸೇವೆಯ ವಿಭಾಗ, ಇನ್ನೊಂದು ಭೌಗೋಳಿಕ ವಿಭಾಗ. ಷೇರುಪೇಟೆಯ ಕಂಪನಿಗಳಿಗೆ ಈಗ ಇಂಡ್ ಎಎಸ್ 108 ಅನ್ವಯಿಸುತ್ತದೆ. ಜಲನಗರದ ಅಂಗಡಿಗೆ ಇವೆರಡೂ ಅನ್ವಯಿಸುವುದಿಲ್ಲ. ಆದರೂ ಅವುಗಳಿಂದ ಎರಡು ಅಳತೆಗಳನ್ನು ಎರವಲು ತರಬಹುದು. ಒಟ್ಟು ಮಾರಾಟದ ಶೇ 10ರಷ್ಟಾದರೂ ಬರದಿದ್ದರೆ ಆ ಬಾಬ್ತಿಗೆ ಬೇರೆ ವಿಭಾಗ ಬೇಡ, ಪಕ್ಕದ್ದರಲ್ಲಿ ಸೇರಿಸಿ. ಮತ್ತು ಒಬ್ಬನೇ ಗಿರಾಕಿಯಿಂದ ಶೇ 10ಕ್ಕಿಂತ ಹೆಚ್ಚು ವ್ಯಾಪಾರ ಬರುತ್ತಿದ್ದರೆ ಅದನ್ನು ಬೇರೆಯಾಗಿ ಬರೆದಿಡಿ. ಅರವತ್ತು ಲಕ್ಷದಲ್ಲಿ ಏಳು ಲಕ್ಷ ಒಂದೇ ಕಾಲೇಜಿನಿಂದ ಬರುತ್ತಿದೆ ಎಂದಾದರೆ, ಅಲ್ಲಿನ ಸ್ಟೋರ್ ಗುಮಾಸ್ತರ ವರ್ಗಾವಣೆ ನಿಮ್ಮ ವರ್ಷವನ್ನೇ ಅಲ್ಲಾಡಿಸಬಹುದು. ಒಟ್ಟು ಮೊತ್ತ ಆ ಅಪಾಯವನ್ನು ತೋರಿಸುವುದಿಲ್ಲ.

ಕಚೇರಿ ಸಾಮಗ್ರಿ ವ್ಯಾಪಾರದಲ್ಲಿ ಊರಿನ ಲೆಕ್ಕಕ್ಕೂ ಗಿರಾಕಿಯ ಲೆಕ್ಕಕ್ಕೂ ಎಷ್ಟು ತೂಕವಿದೆ ಎಂಬುದು ಅಮೆರಿಕದ ಕೋರ್ಟುಗಳಲ್ಲೂ ಕಂಡಿದೆ. ಸ್ಟೇಪಲ್ಸ್ ಮತ್ತು ಆಫೀಸ್ ಡಿಪೊ ಎಂಬ ಎರಡು ಕಂಪನಿಗಳು ಎರಡು ಸಲ ಒಂದಾಗಲು ಹೊರಟವು, ಎರಡು ಸಲವೂ ಕೋರ್ಟು ತಡೆಯಿತು. 1997ರಲ್ಲಿ ಸರ್ಕಾರದ ಕಡೆಯವರು ಮುಂದಿಟ್ಟದ್ದು ಊರುವಾರು ಲೆಕ್ಕ. ಸ್ಟೇಪಲ್ಸ್ ಒಂದೇ ಇರುವ ಊರಲ್ಲಿ ಬೆಲೆ ಹೆಚ್ಚು, ಪೈಪೋಟಿಯ ಅಂಗಡಿ ಇರುವಲ್ಲಿ ಕಡಿಮೆ ಎಂದು ತೋರಿಸಿದರು. 2016ರಲ್ಲಿ ವಾದ ನಿಂತದ್ದು ಗಿರಾಕಿಯ ಬಗೆಯ ಮೇಲೆ. ದೊಡ್ಡ ಕಂಪನಿಗಳಿಗೆ ಸಗಟಾಗಿ ಸಾಮಗ್ರಿ ಪೂರೈಸುವುದೇ ಒಂದು ಬೇರೆ ಮಾರುಕಟ್ಟೆ, ಅಲ್ಲಿ ಪೈಪೋಟಿ ಉಳಿಯುವುದಿಲ್ಲ ಎಂಬುದು ಅವರ ವಾದವಾಗಿತ್ತು. ಒಂದೇ ಜೋಡಿ ಕಂಪನಿ, ಒಮ್ಮೆ ಊರಿನ ಲೆಕ್ಕಕ್ಕೆ ಸಿಕ್ಕಿತು, ಇನ್ನೊಮ್ಮೆ ಗಿರಾಕಿಯ ಲೆಕ್ಕಕ್ಕೆ.

ವಿಭಾಗ ನಾಲ್ಕು ಸಾಕು

ಮೊದಲ ಉತ್ಸಾಹದಲ್ಲಿ ಹನ್ನೆರಡು ವಿಭಾಗ ಮಾಡಿ ಮೂರನೇ ತಿಂಗಳಿಗೆ ಕೈಬಿಡುವುದು ಸಾಮಾನ್ಯ. ನಮ್ಮ ಭಾಗದ ಸ್ಟೇಷನರಿ ಅಂಗಡಿಗೆ ನಾಲ್ಕು ಧಾರಾಳ ಸಾಕು. ಶಾಲಾ ಸಾಮಗ್ರಿ: ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಕಂಪಾಸ್, ನಕಾಶೆ. ಕಚೇರಿ ಸಾಮಗ್ರಿ: ಎ4 ಕಾಗದ, ರಜಿಸ್ಟರು, ಫೈಲು, ಪೆನ್ನು, ಸ್ಟೇಪ್ಲರ್, ಬಿಲ್ ಪುಸ್ತಕ. ಪ್ರಿಂಟರ್ ಸಾಮಗ್ರಿ: ಟೋನರ್, ಶಾಯಿ, ಕಾರ್ಟ್ರಿಜ್. ನಾಲ್ಕನೆಯದು ಜೆರಾಕ್ಸ್, ಬೈಂಡಿಂಗ್, ಲ್ಯಾಮಿನೇಷನ್. ಇವನ್ನು ಬೇರ್ಪಡಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಲಾಭದ ಪ್ರಮಾಣ, ಸೀಸನ್ನು, ಉದ್ರಿಯ ಪದ್ಧತಿ ಬೇರೆ ಬೇರೆಯೇ? ಬೇರೆಯಾದರೆ ವಿಭಾಗವೂ ಬೇರೆ. ಪೆನ್ನಿಗೂ ಫೈಲಿಗೂ ಬೇರೆ ವಿಭಾಗ ಬೇಕಿಲ್ಲ, ಎರಡೂ ಒಂದೇ ಗಿರಾಕಿಗೆ ಒಂದೇ ಬಿಲ್ಲಿನಲ್ಲಿ ಹೋಗುತ್ತವೆ.

ಅನೇಕರು ತೆರಿಗೆ ದರವನ್ನೇ ವಿಭಾಗವೆಂದು ಭಾವಿಸುತ್ತಾರೆ. ಸಾಫ್ಟ್‌ವೇರಿನಲ್ಲಿ "ಸೇಲ್ಸ್ 5%", "ಸೇಲ್ಸ್ 18%" ಎಂಬ ಖಾತೆಗಳು ಆಗಲೇ ಇರುತ್ತವಲ್ಲ, ಅಷ್ಟು ಸಾಕೆಂಬ ಎಣಿಕೆ. ಒಂದು ಬಿಲ್ ತೆಗೆದುಕೊಂಡು ನೋಡೋಣ. ತಿಕೋಟಾ ಕಡೆಯ ಒಂದು ಪ್ರೌಢಶಾಲೆಗೆ ಹೋದ ಮಾಲು ಎನ್ನಿ. ಹತ್ತು ರೀಮ್ ಕಾಗದ 2,400 ರೂಪಾಯಿ, ಆರು ರಜಿಸ್ಟರು 900, ಎರಡು ಡಜನ್ ನೋಟ್‌ಬುಕ್ 960, ಐದು ಕಂಪಾಸ್ ಬಾಕ್ಸು 500, ಪ್ರಶ್ನೆಪತ್ರಿಕೆಯ ಜೆರಾಕ್ಸ್ 600. ತೆರಿಗೆಗೆ ಮುಂಚಿನ ಮೊತ್ತ 5,360 ರೂಪಾಯಿ.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರಗಳಂತೆ ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲ, ಕಂಪಾಸಿಗೆ ಶೇ 5, ಕಾಗದ, ರಜಿಸ್ಟರು, ಜೆರಾಕ್ಸಿಗೆ ಶೇ 18. ದರದಂತೆ ಬಿಡಿಸಿದರೆ 960, 500, 3,900. ವಿಭಾಗದಂತೆ ಬಿಡಿಸಿದರೆ ಶಾಲಾ ಸಾಮಗ್ರಿ 1,460, ಕಚೇರಿ ಸಾಮಗ್ರಿ 3,300, ಜೆರಾಕ್ಸ್ 600. ಎರಡೂ ಕೂಡಿದರೆ 5,360 ಆಗುತ್ತದೆ, ಆದರೆ ಒಂದರ ತುಂಡು ಇನ್ನೊಂದಕ್ಕೆ ಹೊಂದುವುದಿಲ್ಲ. ನೋಟ್‌ಬುಕ್ಕೂ ಕಂಪಾಸೂ ಒಂದೇ ವಿಭಾಗ, ದರ ಬೇರೆ. ರಜಿಸ್ಟರೂ ಜೆರಾಕ್ಸೂ ಒಂದೇ ದರ, ವ್ಯವಹಾರ ಮಾತ್ರ ಅಜಗಜಾಂತರ. ಎಚ್‌ಎಸ್‌ಎನ್ ಕೋಡನ್ನು ನಂಬಿದರೂ ಇದೇ ಪಾಡು. ನೋಟ್‌ಬುಕ್ ಮತ್ತು ರಜಿಸ್ಟರು ಎರಡೂ 4820 ಎಂಬ ಒಂದೇ ತಲೆಯಡಿ ಬರುತ್ತವೆ, ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ಹದಿನೆಂಟು. ಆದ್ದರಿಂದ ಐಟಂ ಪಟ್ಟಿಯಲ್ಲಿ ಪ್ರತಿ ಸರಕಿಗೂ ದರ, ಕೋಡು, ವಿಭಾಗ ಎಂಬ ಮೂರನ್ನೂ ಬೇರೆ ಬೇರೆಯಾಗಿ ಒಮ್ಮೆ ತುಂಬಿಸಿಬಿಡಿ. ಆಮೇಲೆ ಬಿಲ್ ಹೊಡೆಯುವ ಹುಡುಗ ಯೋಚಿಸಬೇಕಾದ್ದೇ ಇಲ್ಲ.

ಇದೇ ದರ ಬದಲಾವಣೆಯಲ್ಲಿ ಎ4 ಕಾಗದ ಶೇ 12ರಿಂದ 18ಕ್ಕೆ ಏರಿತು, ನೋಟ್‌ಬುಕ್ಕೂ ಪೆನ್ಸಿಲ್ಲೂ 12ರಿಂದ ಸೊನ್ನೆಗೆ ಇಳಿದವು. ಹೀಗಾಗಿ ತೆರಿಗೆ ಸೇರಿದ ಮೊತ್ತದಲ್ಲಿ ಹಿಂದಿನ ವರ್ಷದ ಜತೆ ಹೋಲಿಸಿದರೆ ಶಾಲಾ ವಿಭಾಗ ಇಳಿದಂತೆ, ಕಚೇರಿ ವಿಭಾಗ ಬೆಳೆದಂತೆ ಸುಳ್ಳುಸುಳ್ಳೇ ಕಾಣುತ್ತದೆ. ವಿಭಾಗದ ಲೆಕ್ಕವನ್ನು ಯಾವತ್ತೂ ತೆರಿಗೆ ಬಿಟ್ಟು ಬರೆಯಿರಿ.

ಜೆರಾಕ್ಸ್ ಎಂಬ ಕಿಲಾಡಿ ವಿಭಾಗ

ಚಿಲ್ಲರೆ ವ್ಯವಹಾರ, ಬಿಲ್ ಕೇಳುವವರೇ ಇಲ್ಲ ಎಂಬ ಕಾರಣಕ್ಕೆ ಜೆರಾಕ್ಸಿನ ದುಡ್ಡು ಗಲ್ಲಾದಲ್ಲಿ ಬೆರೆತುಹೋಗುತ್ತದೆ. ಅದನ್ನು ಹಿಡಿಯಲು ಸುಲಭದ ದಾರಿ ಯಂತ್ರದ ಒಳಗೇ ಇದೆ. ಪ್ರತಿ ಜೆರಾಕ್ಸ್ ಯಂತ್ರವೂ ತೆಗೆದ ಪ್ರತಿಗಳ ಎಣಿಕೆ ಇಟ್ಟಿರುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವಾಗ ಒಂದು ರೀಡಿಂಗ್, ರಾತ್ರಿ ಮುಚ್ಚುವಾಗ ಒಂದು ರೀಡಿಂಗ್. ವ್ಯತ್ಯಾಸದಲ್ಲಿ ಕೆಟ್ಟ ಪ್ರತಿಗಳನ್ನು ಕಳೆದು ದರದಿಂದ ಗುಣಿಸಿದರೆ ಆ ದಿನದ ಆದಾಯ. ಯಂತ್ರದ ಪಕ್ಕದಲ್ಲೇ ಬೇರೆ ಯುಪಿಐ ಕ್ಯೂಆರ್ ಅಂಟಿಸಿದರೆ ಫೋನಿನಲ್ಲಿ ಬಂದ ಹಣವೂ ತಾನೇ ಬೇರ್ಪಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಯಂತ್ರಕ್ಕೆ ಹಾಕುವ ಕಾಗದ ಬರುವುದು ಅಂಗಡಿಯ ಕಚೇರಿ ಸಾಮಗ್ರಿಯ ಕಪಾಟಿನಿಂದ. ಅದನ್ನು ಬರೆಯದಿದ್ದರೆ ಜೆರಾಕ್ಸ್‌ನಲ್ಲಿ ಬಂದದ್ದೆಲ್ಲ ಲಾಭವೆನಿಸುತ್ತದೆ, ಕಾಗದದ ಸ್ಟಾಕು ಮಾತ್ರ ಯಾಕೋ ಕಡಿಮೆ ಬೀಳುತ್ತದೆ, ಕೊನೆಗೆ ಕೆಲಸದ ಹುಡುಗನ ಮೇಲೆ ಅನುಮಾನ. 500 ಹಾಳೆಯ ರೀಮಿನ ಖರೀದಿ ಬೆಲೆ 210 ರೂಪಾಯಿ ಎಂದಾದರೆ ಹಾಳೆಗೆ 42 ಪೈಸೆ. ಒಂದು ರೀಮ್ ಒಡೆದಾಗಲೆಲ್ಲ ಕಚೇರಿ ವಿಭಾಗದಿಂದ ಜೆರಾಕ್ಸ್ ವಿಭಾಗಕ್ಕೆ ಖರೀದಿ ಬೆಲೆಯಲ್ಲೇ ವರ್ಗಾಯಿಸಿ. ಇದು ಮಾರಾಟವಲ್ಲ, ಒಟ್ಟು ಮಾರಾಟದಲ್ಲಿ ಸೇರಬಾರದು.

ಕಾನೂನಿನ ದೃಷ್ಟಿಯಿಂದಲೂ ಜೆರಾಕ್ಸನ್ನು ಬೇರೆ ಇಡಲೇಬೇಕು, ಏಕೆಂದರೆ ಅದು ಸರಕಲ್ಲ, ಸೇವೆ. ಸರಕನ್ನಷ್ಟೇ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಸೇವೆಯೂ ಸೇರಿದರೆ ಮಿತಿ 20 ಲಕ್ಷ. ಮೂಲೆಯಲ್ಲಿ ಒಂದು ಜೆರಾಕ್ಸ್ ಯಂತ್ರ ಇಟ್ಟು 40 ಲಕ್ಷದ ಭರವಸೆಯಲ್ಲಿ ಕೂತವರು ಇದನ್ನು ಗಮನಿಸಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವ ವ್ಯಾಪಾರಿ ಒಂದಿಷ್ಟು ಸೇವೆ ಕೊಡಬಹುದು. ಅದಕ್ಕೂ ಮಿತಿಯಿದೆ: ಹಿಂದಿನ ವರ್ಷದ ವಹಿವಾಟಿನ ಶೇ 10 ಅಥವಾ 5 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಅರವತ್ತು ಲಕ್ಷದ ಅಂಗಡಿಗೆ ಆ ಗೆರೆ 6 ಲಕ್ಷ. ಜೆರಾಕ್ಸಿನದೇ ಲೆಕ್ಕವಿಲ್ಲದವರಿಗೆ ಗೆರೆ ದಾಟಿದ್ದೇ ತಿಳಿಯುವುದಿಲ್ಲ.

ತೆರಿಗೆಯಿಲ್ಲದ ಸರಕಿನ ಲೆಕ್ಕ

2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬೇಕು. ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿ ಗದ್ದಲವಾಯಿತು. ಬ್ಯಾಂಕಿಗೆ ಬಂದ ಮೊತ್ತದಲ್ಲಿ ತೆರಿಗೆಯಿಲ್ಲದ ಸರಕಿನ ಪಾಲೆಷ್ಟು ಎಂದು ತೋರಿಸಲು ಅವರಲ್ಲಿ ಬಹಳ ಮಂದಿಯ ಕೈಯಲ್ಲಿ ಲೆಕ್ಕವಿರಲಿಲ್ಲ. ಈಗ ನೋಟ್‌ಬುಕ್ಕೂ ತೆರಿಗೆಯಿಲ್ಲದ ಸಾಲಿಗೆ ಸೇರಿದ್ದರಿಂದ ಸ್ಟೇಷನರಿ ಅಂಗಡಿಯೂ ಅದೇ ಜಾಗಕ್ಕೆ ಬಂದು ನಿಂತಿದೆ. ನೋಂದಣಿಯ ಮಿತಿ ಎಣಿಸುವಾಗ ನೋಟ್‌ಬುಕ್ಕಿನ ಮಾರಾಟವೂ ಸೇರುತ್ತದೆ, ತೆರಿಗೆ ಎಣಿಸುವಾಗ ಸೇರುವುದಿಲ್ಲ. ಕಾಂಪೋಸಿಷನ್ ವ್ಯಾಪಾರಿಗೂ ಶೇ 1ರ ತೆರಿಗೆ ಬೀಳುವುದು ತೆರಿಗೆಯುಳ್ಳ ಸರಕು, ಸೇವೆಗಳ ಮಾರಾಟದ ಮೇಲಷ್ಟೇ.

ಸಾಮಾನ್ಯ ನೋಂದಣಿಯ ಅಂಗಡಿಗೆ ಇನ್ನೊಂದು ಕೆಲಸ ಹೆಚ್ಚಿತು. ತೆರಿಗೆಯಿಲ್ಲದ ಸರಕಿನ ಪಾಲಿಗೆ ತಕ್ಕಷ್ಟು ಹೂಡುವಳಿ ತೆರಿಗೆ ಜಮೆಯನ್ನು ವಾಪಸು ಮಾಡಬೇಕು. ಅಂಗಡಿ ಬಾಡಿಗೆಯ ಮೇಲಿನ ಜಿಎಸ್‌ಟಿ, ಇಂಟರ್ನೆಟ್, ಸಿಎ ಶುಲ್ಕದಂಥ ಸಾಮಾನ್ಯ ಖರ್ಚುಗಳಲ್ಲಿ ಈ ಹಂಚಿಕೆ ಬರುತ್ತದೆ. 60 ಲಕ್ಷದಲ್ಲಿ 18 ಲಕ್ಷ ಸೊನ್ನೆ ದರದ ಸರಕಾದರೆ ಸಾಮಾನ್ಯ ಜಮೆಯಲ್ಲಿ ಶೇ 30 ಹೋಯಿತು. ಆದರೆ ಜೆರಾಕ್ಸ್ ಯಂತ್ರದ ಮೇಲೆ ಕಟ್ಟಿದ ತೆರಿಗೆ ಈ ಹಂಚಿಕೆಗೆ ಬರಬೇಕಿಲ್ಲ, ಅದು ತೆರಿಗೆಯುಳ್ಳ ಸೇವೆಗಷ್ಟೇ ಬಳಕೆಯಾಗುವ ಯಂತ್ರ. ವಿಭಾಗದ ಲೆಕ್ಕ ಇಟ್ಟವರು ಇದನ್ನು ಪೂರ್ತಿ ಪಡೆಯುತ್ತಾರೆ. ಇಡದವರ ಯಂತ್ರ "ಸಾಮಾನ್ಯ" ಎಂಬ ರಾಶಿಗೆ ಬಿದ್ದು ಜಮೆ ಸೋರುತ್ತದೆ.

ಊರು ಯಾವುದೆಂದು ಹೇಗೆ ನಿರ್ಧರಿಸುವುದು

"ಯಾವೂರ್ರಿ ಸರ?" ಎಂಬ ಪ್ರಶ್ನೆ ನಮ್ಮ ಕಡೆ ಬಿಲ್ಲಿಗಿಂತ ಮೊದಲೇ ಬರುತ್ತದೆ. ಉತ್ತರವನ್ನು ಬರೆದುಕೊಳ್ಳುವ ಅಭ್ಯಾಸ ಮಾತ್ರ ಇಲ್ಲ.

ಭೌಗೋಳಿಕ ಲೆಕ್ಕವನ್ನು ಎರಡು ಬಗೆಯಲ್ಲಿ ಇಡಬಹುದು: ಅಂಗಡಿ ಎಲ್ಲಿದೆ ಎಂಬುದರ ಮೇಲೆ, ಅಥವಾ ಗಿರಾಕಿ ಎಲ್ಲಿದ್ದಾನೆ ಎಂಬುದರ ಮೇಲೆ. ಒಂದೇ ಅಂಗಡಿ ಇರುವವರಿಗೆ ಮೊದಲನೆಯದರಿಂದ ಏನೂ ಸಿಗದು, ಎಲ್ಲವೂ ಜಲನಗರವೇ. ಗಿರಾಕಿಯ ಊರಿನ ಲೆಕ್ಕವನ್ನೇ ಹಿಡಿಯಿರಿ. ತಿಕೋಟಾ ಶಾಲೆಯ ಮಾಸ್ತರರು ಸಂಜೆ ಜಲನಗರದ ಕೌಂಟರಿಗೇ ಬಂದು ಮಾಲು ಒಯ್ದರೂ ಬಿಲ್ ಶಾಲೆಯ ಹೆಸರಿಗಿದ್ದರೆ ಅದು ತಿಕೋಟಾದ ಮಾರಾಟ.

ಗಡಿ ಪ್ರಕರಣಗಳು ಬಂದೇ ಬರುತ್ತವೆ. ಅಥಣಿ ರಸ್ತೆಯ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಡೆಯ ಗಿರಾಕಿ ನಗರಕ್ಕೆ ಸೇರಿದವರೋ ತಿಕೋಟಾ ದಾರಿಗೋ? ನನ್ನ ಮಟ್ಟಿಗೆ ಇದಕ್ಕೆ ಸರಳ ಉತ್ತರ, ಆಡಳಿತದ ಗಡಿ ನೋಡಬೇಡಿ, ನಿಮ್ಮ ಟಂಟಂ ನೋಡಿ. ತಿಕೋಟಾ ಟ್ರಿಪ್ಪಿನಲ್ಲಿ ಮಾಲು ಇಳಿಸುತ್ತೀರಾದರೆ ಅದು ತಿಕೋಟಾ ದಾರಿ. ಜಮಖಂಡಿ ರಸ್ತೆಯ ಹಳ್ಳಿಗಳೆಲ್ಲ ಬಬಲೇಶ್ವರ ದಾರಿ. ಖರ್ಚು ಬೀಳುವುದು ದಾರಿಯಂತೆ, ಆದಾಯವನ್ನೂ ದಾರಿಯಂತೆ ಬರೆದರೆ ಹೋಲಿಕೆ ಸರಿಯಾಗುತ್ತದೆ. ಒಮ್ಮೆ ನಿರ್ಧರಿಸಿದ್ದನ್ನು ವರ್ಷದ ನಡುವೆ ಬದಲಿಸಬೇಡಿ, ಅಷ್ಟೇ.

ಈ ಎರಡು ದಾರಿಗಳನ್ನು ಬೇರೆ ಬೇರೆ ನೋಡಲು ಇನ್ನೊಂದು ಕಾರಣವೂ ಇದೆ. ತಿಕೋಟಾ, ಬಬಲೇಶ್ವರ ಎರಡೂ ಹಿಂದೆ ವಿಜಯಪುರ ತಾಲ್ಲೂಕಿನಲ್ಲೇ ಇದ್ದವು, 2018ರಲ್ಲಿ ಹೊಸ ತಾಲ್ಲೂಕುಗಳಾದವು. ತಾಲ್ಲೂಕು ಎಂದರೆ ತಹಶೀಲ್ದಾರ್ ಕಚೇರಿ, ತಾಲ್ಲೂಕು ಪಂಚಾಯಿತಿ, ಅವುಗಳ ಹಿಂದೆ ಒಂದೊಂದಾಗಿ ಬರುವ ಇಲಾಖೆಗಳು. ನಗರದ ಕಚೇರಿಯಲ್ಲಿ ಖರ್ಚಾಗುತ್ತಿದ್ದ ರೀಮು, ಫೈಲುಗಳಲ್ಲಿ ಒಂದು ಪಾಲು ಅಲ್ಲಿಗೆ ಸರಿಯುತ್ತದೆ. ನಗರದ ಕಚೇರಿ ಮಾರಾಟ ಇಳಿದು ತಾಲ್ಲೂಕಿನದು ಏರಿದ್ದರೆ ಗಿರಾಕಿ ನಿಮ್ಮ ಕೈಯಲ್ಲೇ ಇದ್ದಾನೆ. ನಗರದ್ದು ಇಳಿದು ತಾಲ್ಲೂಕಿನದು ಏರದಿದ್ದರೆ ಅಲ್ಲೊಂದು ಹೊಸ ಅಂಗಡಿ ತೆರೆದಿದೆ ಎಂದೇ ಅರ್ಥ. ಒಟ್ಟು ಮಾರಾಟದಲ್ಲಿ ಈ ಎರಡರ ನಡುವಿನ ಅಂತರ ಕಾಣುವುದೇ ಇಲ್ಲ.

ಗಡಿಯಾಚೆ ಜತ್

ಜಿಎಸ್‌ಟಿಆರ್-1ರಲ್ಲೂ ಊರಿನ ಲೆಕ್ಕವಿದೆ, ಆದರೆ ಅದಕ್ಕೆ ಗೊತ್ತಿರುವುದು ರಾಜ್ಯ ಮಾತ್ರ. ಕರ್ನಾಟಕ 29, ಮಹಾರಾಷ್ಟ್ರ 27. ಜಲನಗರವೂ ತಿಕೋಟಾವೂ ಬಬಲೇಶ್ವರವೂ ಅದರ ಪಾಲಿಗೆ 29. ಆದ್ದರಿಂದ ಕಾನೂನಿನ ಊರು ಒಂದು ಅಂಕಣದಲ್ಲಿ, ನಿಮ್ಮ ದಾರಿ ಇನ್ನೊಂದು ಅಂಕಣದಲ್ಲಿ ಇರಲಿ. ಎರಡನ್ನೂ ಬೆರೆಸಬೇಡಿ.

ಬೆರೆಸಿದರೆ ಏನಾಗುತ್ತದೆ ಎಂಬುದು ಮಹಾರಾಷ್ಟ್ರದ ಜತ್ ತಾಲ್ಲೂಕಿನ ಗಿರಾಕಿಯಲ್ಲಿ ಗೊತ್ತಾಗುತ್ತದೆ. ತಿಕೋಟಾಕ್ಕೆ ಹೊಂದಿದ ಆ ಭಾಗದಲ್ಲಿ ಕನ್ನಡ ಶಾಲೆಗಳಿವೆ, ಅಲ್ಲಿಯವರಿಗೆ ವಿಜಯಪುರದ ಪೇಟೆ ಹೊಸದಲ್ಲ. ಅಲ್ಲಿನ ನೋಂದಾಯಿತ ಅಂಗಡಿಯವರಿಗೆ, ಅಂದರೆ 27ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆಯವರಿಗೆ, ಮಾಲು ಕಳಿಸಿದರೆ ಐಜಿಎಸ್‌ಟಿ. ನೋಂದಣಿಯಿಲ್ಲದ ಗಿರಾಕಿಯಾದರೆ 2023ರ ಅಕ್ಟೋಬರ್ 1ರಿಂದ ನಿಯಮ ಬೇರೆ. ಬಿಲ್ಲಿನಲ್ಲಿ ಅವನ ವಿಳಾಸವೋ ಕನಿಷ್ಠ ರಾಜ್ಯದ ಹೆಸರೋ ಇದ್ದರೆ ಪೂರೈಕೆಯ ಸ್ಥಳ ಅದೇ. ಇಲ್ಲದಿದ್ದರೆ ನಿಮ್ಮ ಅಂಗಡಿಯೇ. ಅಂದರೆ ನಿಮ್ಮ ಒಳಲೆಕ್ಕಕ್ಕೆಂದು ಬಿಲ್ಲಿನ ವಿಳಾಸದ ಜಾಗದಲ್ಲೇ "ಜತ್, ಮಹಾರಾಷ್ಟ್ರ" ಎಂದು ಗೀಚಿ, ತೆರಿಗೆಯನ್ನು ಮಾತ್ರ ರಾಜ್ಯದೊಳಗಿನಂತೆ ಹಾಕಿದರೆ ಬಿಲ್ಲೇ ತಪ್ಪಾಯಿತು. ಕಾಂಪೋಸಿಷನ್ ವ್ಯಾಪಾರಿ ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ, ನೋಂದಣಿ ಇಲ್ಲದವರು ಕೂಡ ತೆರಿಗೆಯುಳ್ಳ ಸರಕನ್ನು ಗಡಿ ದಾಟಿಸುವ ಮುನ್ನ ನೋಂದಣಿ ಮಾಡಿಸಬೇಕು. ಮುಂದೆ ತಿಕೋಟಾದಲ್ಲಿ ಶಾಖೆ ತೆರೆದರೆ ಅದೇ ಜಿಎಸ್‌ಟಿ ಸಂಖ್ಯೆಗೆ ಹೆಚ್ಚುವರಿ ಸ್ಥಳವಾಗಿ ಸೇರಿಸಿದರೆ ಸಾಕು, ಅಲ್ಲಿಗೆ ಕಳಿಸಿದ ಮಾಲು ಮಾರಾಟವಲ್ಲ. ಜತ್‌ನಲ್ಲಿ ತೆರೆದರೆ ಬೇರೆ ನೋಂದಣಿ ಬೇಕು, ನಿಮ್ಮದೇ ಶಾಖೆಗೆ ಕಳಿಸಿದ ಮಾಲಿಗೂ ತೆರಿಗೆ ಬಿಲ್ ಹಾಕಬೇಕು.

ಎರಡನ್ನೂ ಅಡ್ಡಕಟ್ಟಿದಾಗ

ಈಗ ಆ ಅರವತ್ತು ಲಕ್ಷವನ್ನು ಬಿಡಿಸೋಣ. ಅಂಕಿಗಳು ಉದಾಹರಣೆಗೆಂದು ಕಟ್ಟಿದವು, ಲಕ್ಷ ರೂಪಾಯಿಗಳಲ್ಲಿವೆ.

| ವಿಭಾಗ | ನಗರ | ತಿಕೋಟಾ | ಬಬಲೇಶ್ವರ | ಮಹಾರಾಷ್ಟ್ರ | ಒಟ್ಟು |
|---|---|---|---|---|---|
| ಶಾಲಾ ಸಾಮಗ್ರಿ | 11 | 6 | 4 | 3 | 24 |
| ಕಚೇರಿ ಸಾಮಗ್ರಿ | 8 | 6 | 6 | 1 | 21 |
| ಪ್ರಿಂಟರ್ ಸಾಮಗ್ರಿ | 6 | 2 | 1 | 0 | 9 |
| ಜೆರಾಕ್ಸ್ ಇತ್ಯಾದಿ | 6 | 0 | 0 | 0 | 6 |
| ಒಟ್ಟು | 31 | 14 | 11 | 4 | 60 |

ಖರೀದಿ ಬೆಲೆ ಕಳೆದು ಉಳಿಯುವುದು ಶಾಲಾ ಸಾಮಗ್ರಿಯಲ್ಲಿ ಶೇ 10, ಕಚೇರಿಯಲ್ಲಿ 14, ಪ್ರಿಂಟರಿನಲ್ಲಿ 18, ಜೆರಾಕ್ಸಿನಲ್ಲಿ 40 ಎಂದಿಟ್ಟುಕೊಳ್ಳಿ. 24 ಲಕ್ಷದ ಶಾಲಾ ಸಾಮಗ್ರಿಯಿಂದ 2.40 ಲಕ್ಷ ಉಳಿಯುತ್ತದೆ. 6 ಲಕ್ಷದ ಜೆರಾಕ್ಸಿನಿಂದಲೂ ಅಷ್ಟೇ. ಜೂನ್‌ನಲ್ಲಿ ಅಂಗಡಿಯ ಅರ್ಧ ಜಾಗ, ಮುಕ್ಕಾಲು ಬಂಡವಾಳ, ಮನೆಮಂದಿಯೆಲ್ಲರ ದುಡಿಮೆ ನೋಟ್‌ಬುಕ್ಕಿಗೆ ಹೋಗುತ್ತದೆ. ಮೂಲೆಯ ಯಂತ್ರ ಸದ್ದಿಲ್ಲದೆ ಅಷ್ಟೇ ದುಡಿದು ಕೊಡುತ್ತದೆ. ಹಾಗೆಂದು ನೋಟ್‌ಬುಕ್ ಬಿಡಬೇಕೆಂದಲ್ಲ, ನೋಟ್‌ಬುಕ್ಕಿಗೆ ಬಂದವರೇ ಜೆರಾಕ್ಸೂ ಮಾಡಿಸುತ್ತಾರೆ. ಆದರೆ ಯಂತ್ರ ಕೆಟ್ಟಾಗ "ನಾಳೆ ನೋಡೋಣ ಬಿಡ್ರಿ" ಎನ್ನುವ ಮುನ್ನ ಈ ಅಂಕಿ ಕಣ್ಮುಂದೆ ಇರಬೇಕು.

ಊರಿನ ಸಾಲಿಗೆ ಬನ್ನಿ. ಕಚೇರಿ ಸಾಮಗ್ರಿ ತಿಕೋಟಾಕ್ಕೂ 6 ಲಕ್ಷ, ಬಬಲೇಶ್ವರಕ್ಕೂ 6 ಲಕ್ಷ, ಎರಡರಲ್ಲೂ ಉಳಿಕೆ 84,000. ಎರಡೂ ಊರು ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನವೇ. ಸರಿಸಮ ಎನಿಸುತ್ತದೆ. ಇನ್ನು ವರ್ಷದ ಗಾಡಿ ಖರ್ಚು ತಿಕೋಟಾ ದಾರಿಗೆ 42,000, ಬಬಲೇಶ್ವರ ದಾರಿಗೆ 44,000 ಎನ್ನಿ. ಮಾರಾಟದ ಪ್ರಮಾಣದಲ್ಲಿ ಹಂಚಿದರೆ ಕಚೇರಿ ವಿಭಾಗದ ಪಾಲಿಗೆ 18,000 ಮತ್ತು 24,000. ಇಲ್ಲಿಯವರೆಗೆ ತಿಕೋಟಾ ಮುಂದು.

ಇಲ್ಲಿ ಉದ್ರಿ ಸೇರಿಸಿ. ಕಚೇರಿ ಸಾಮಗ್ರಿಯ ಬಾಬ್ತು ವರ್ಷದುದ್ದಕ್ಕೂ ಸರಾಸರಿ ತಿಕೋಟಾ ದಾರಿಯ ಬಾಕಿ ಎರಡೂವರೆ ಲಕ್ಷ, ಬಬಲೇಶ್ವರದ್ದು 90,000. ಬಾಕಿಯನ್ನು ಆ ವಿಭಾಗದ ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ದುಡ್ಡು ಎಷ್ಟು ದಿನಕ್ಕೆ ಕೈಸೇರುತ್ತದೆ ಎಂಬುದು ತಿಳಿಯುತ್ತದೆ: ತಿಕೋಟಾ 152 ದಿನ, ಬಬಲೇಶ್ವರ 55 ದಿನ. ಬ್ಯಾಂಕಿನ ಸಿಸಿ ಸಾಲಕ್ಕೆ ಶೇ 12 ಬಡ್ಡಿ ಎಂದರೆ ಮೊದಲನೆಯದಕ್ಕೆ 30,000, ಎರಡನೆಯದಕ್ಕೆ 10,800. ಕೊನೆಗೆ ಉಳಿದದ್ದು ತಿಕೋಟಾದಲ್ಲಿ 36,000, ಬಬಲೇಶ್ವರದಲ್ಲಿ 49,200. ನಿಮ್ಮ ಪುಸ್ತಕದಲ್ಲಿ ಊರುಗಳು ಅದಲುಬದಲಾಗಿರಬಹುದು. ಮಾರಾಟದ ಜತೆ ಬಾಕಿಯ ಅಂಕಣ ಇಲ್ಲದ ಊರುವಾರು ವರದಿ ಅರ್ಧ ಸತ್ಯ ಎಂಬುದಷ್ಟೇ ಇಲ್ಲಿ ಮುಖ್ಯ. ಸರ್ಕಾರಿ ಕಚೇರಿ, ಅನುದಾನಿತ ಶಾಲೆಗಳ ಬಿಲ್ ಮಂಜೂರಾಗುವುದು ಅನುದಾನ ಬಂದಾಗ. ಅಂಥ ಬಾಕಿಗೆ ಗುರುತು ಹಾಕಿ ಖಾಸಗಿ ಉದ್ರಿಯಿಂದ ಬೇರೆ ಇಡಿ. ಒಂದು ತಡವಾಗಿಯಾದರೂ ಬರುತ್ತದೆ, ಇನ್ನೊಂದನ್ನು ಬೆನ್ನು ಹತ್ತಿ ವಸೂಲಿ ಮಾಡಬೇಕು.

ಹಂಚಿಕೆಯ ಬಗ್ಗೆ ಒಂದು ಮಾತು. ಗಾಡಿ ಖರ್ಚನ್ನು ಮೊತ್ತದ ಬದಲು ಬಂಡಲ್ ಲೆಕ್ಕದಲ್ಲಿ ಹಂಚಿದರೆ ಸತ್ಯಕ್ಕೆ ಇನ್ನೂ ಹತ್ತಿರ, ಟಂಟಂ ತುಂಬುವುದು ನೋಟ್‌ಬುಕ್ಕಿನ ಗಂಟುಗಳಿಂದಲೇ ಹೊರತು ಟೋನರಿನಿಂದಲ್ಲ. ಆದರೆ ಅಂಗಡಿ ಬಾಡಿಗೆ, ಕರೆಂಟು, ಮಾಲೀಕರ ಮನೆಖರ್ಚನ್ನೆಲ್ಲ ಎಳೆದು ನಾಲ್ಕು ವಿಭಾಗಕ್ಕೆ ಹಂಚಲು ಹೋಗಬೇಡಿ. ಯಾವ ಸೂತ್ರ ಹಿಡಿದರೂ ವಾದಕ್ಕೆ ಎಡೆಯಿದೆ, ಅಣ್ಣತಮ್ಮಂದಿರ ಅಂಗಡಿಯಾದರೆ ಜಗಳಕ್ಕೂ ಎಡೆಯಿದೆ. ಅವನ್ನು ಕೆಳಗೆ "ಸಾಮಾನ್ಯ ಖರ್ಚು" ಎಂದು ಒಂದೇ ಸಾಲಿನಲ್ಲಿ ಬರೆದು ಬಿಡಿ.

ಬರೆಯುವ ಕ್ರಮ

ಟ್ಯಾಲಿ ಇದ್ದವರಿಗೆ ಹೊಸದೇನೂ ಕೊಳ್ಳಬೇಕಿಲ್ಲ. ಸರಕಿನ ವಿಭಾಗಕ್ಕೆ ಸ್ಟಾಕ್ ಗ್ರೂಪ್ ಮಾಡಿ. ದಾರಿಗೆ ಕಾಸ್ಟ್ ಸೆಂಟರ್ ಮಾಡಿ. ಉದ್ರಿ ಗಿರಾಕಿಗಳ ಖಾತೆಗಳನ್ನು ಸಂಡ್ರಿ ಡೆಟರ್ಸ್ ಅಡಿಯಲ್ಲಿ ದಾರಿವಾರು ಗುಂಪುಗಳಾಗಿ ಒಡೆಯಿರಿ, ಬಾಕಿ ಊರಂತೆ ತಾನೇ ಕೂಡಿ ಬರುತ್ತದೆ. ಎಕ್ಸೆಲ್ ಸಾಕೆನ್ನುವವರು ತಾರೀಖು, ಬಿಲ್ ನಂಬರ್, ವಿಭಾಗ, ದಾರಿ, ತೆರಿಗೆ ಬಿಟ್ಟ ಮೊತ್ತ, ರೋಖೋ ಉದ್ರಿಯೋ ಎಂಬ ಆರು ಅಂಕಣ ಇಟ್ಟು ಪಿವಟ್ ಟೇಬಲ್ ಹಾಕಿದರೆ ಮೇಲಿನ ಕೋಷ್ಟಕ ಎರಡು ನಿಮಿಷದ ಕೆಲಸ. ಒಂದು ಬಿಲ್ಲಿನಲ್ಲಿ ಮೂರು ವಿಭಾಗದ ಸರಕಿದ್ದರೆ ಮೂರು ಸಾಲು. ಕೈಬರಹದ ಬಿಲ್ ಪುಸ್ತಕದವರು ಪ್ರತಿ ಬಿಲ್ಲಿನ ಮೂಲೆಯಲ್ಲಿ ದಾರಿಯ ಒಂದಕ್ಷರ ಬರೆದು, ರಾತ್ರಿ ಕಿರ್ದಿ ಬರೆಯುವಾಗ ವಿಭಾಗಕ್ಕೊಂದು ಅಂಕಣ ತುಂಬಿದರಾಯಿತು. ಕೌಂಟರಿನಲ್ಲಿ ಬಿಲ್ಲಿಲ್ಲದೆ ಹೋದ ಚಿಲ್ಲರೆ ಮಾರಾಟವನ್ನೆಲ್ಲ ದಿನದ ಕೊನೆಗೆ "ನಗರ" ಎಂದೇ ಬರೆಯಿರಿ.

ಮಾಲು ವಾಪಸು ಬಂದಾಗ ಯಾವ ವಿಭಾಗ, ಯಾವ ದಾರಿಯಿಂದ ಹೋಗಿತ್ತೋ ಅದರಲ್ಲೇ ಕಳೆಯಬೇಕು. ಜೂನ್‌ನಲ್ಲಿ ತಿಕೋಟಾದ ಅಂಗಡಿಯವರು ಒಯ್ದ ನೋಟ್‌ಬುಕ್ಕಿನ ಗಂಟು ಆಗಸ್ಟಿನಲ್ಲಿ ಮರಳಿ ಬಂದರೆ ಅದನ್ನು "ನಗರ"ದ ಲೆಕ್ಕದಲ್ಲಿ ಕಳೆದವರಿಗೆ ತಿಕೋಟಾ ವರ್ಷವಿಡೀ ಉಬ್ಬಿಯೇ ಕಾಣುತ್ತದೆ.

ಹೋಲಿಸುವಾಗ ಹಿಂದಿನ ತಿಂಗಳನ್ನಲ್ಲ, ಹಿಂದಿನ ವರ್ಷದ ಅದೇ ತಿಂಗಳನ್ನು ನೋಡಿ. ಮಾರ್ಚ್‌ನಲ್ಲಿ ಕಚೇರಿಗಳು ಅನುದಾನ ಮುಗಿಸುವ ಅವಸರದಲ್ಲಿರುತ್ತವೆ, ದೀಪಾವಳಿಗೆ ಖಾತೆ ಪೂಜೆಯ ಪುಸ್ತಕಗಳು ಹೋಗುತ್ತವೆ, ತಿಕೋಟಾ ಭಾಗದಲ್ಲಿ ದ್ರಾಕ್ಷಿಯ ದುಡ್ಡು ಬೇಸಿಗೆಗೆ ಕೈಗೆ ಬರುತ್ತದೆ. ಶಾಲೆಯ ಸೀಸನ್ನಿನಲ್ಲೂ ಊರಿನ ಗುಣ ಕಾಣುತ್ತದೆ. ಕರ್ನಾಟಕದ ಶಾಲೆಗಳು ಮೇ ಕೊನೆಗೆ ಬಾಗಿಲು ತೆರೆದರೆ ಮಹಾರಾಷ್ಟ್ರದವು ಶುರುವಾಗುವುದು ಜೂನ್ ಮಧ್ಯಕ್ಕೆ. ಜತ್ ಕಡೆಯ ಗಿರಾಕಿ ಬರುವಷ್ಟರಲ್ಲಿ ಇಲ್ಲಿನ ನೂಕುನುಗ್ಗಲು ಇಳಿದಿರುತ್ತದೆ. ಹಿಂದಿನ ವರ್ಷ ಜೂನ್ 10ರಿಂದ 25ರ ನಡುವೆ ಮಹಾರಾಷ್ಟ್ರದ ಸಾಲಿನಲ್ಲಿ ಎಷ್ಟು ಗಂಟು ನೋಟ್‌ಬುಕ್ ಹೋಗಿತ್ತೆಂದು ನೋಡಿಕೊಂಡರೆ, ಉಳಿದ ಮಾಲನ್ನು ಜೂನ್ ಮೊದಲ ವಾರವೇ ರಿಯಾಯಿತಿಗೆ ಹಾಕುವ ಆತುರ ಇರುವುದಿಲ್ಲ.

ತಿಂಗಳ ವರದಿ ಒಂದು ಹಾಳೆ ಮೀರಬಾರದು: ಮೇಲಿನ ಕೋಷ್ಟಕ, ಪಕ್ಕದಲ್ಲಿ ಹಿಂದಿನ ವರ್ಷದ ಅದೇ ತಿಂಗಳು, ಕೆಳಗೆ ದಾರಿವಾರು ಬಾಕಿ, ಶೇ 10 ದಾಟಿದ ಗಿರಾಕಿಯ ಹೆಸರು. ಮಾಸಿಕ ರಿಟರ್ನ್ ತುಂಬುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ ಮುಂದಿನ ತಿಂಗಳ 11, ಮೂರು ತಿಂಗಳಿಗೊಮ್ಮೆ ತುಂಬುವವರಿಗೆ 13. ಹಾಳೆಯನ್ನು ಅದಕ್ಕೆ ಎರಡು ದಿನ ಮುಂಚೆ ಮುಗಿಸಿ, ಅದರ ಒಟ್ಟು ಮೊತ್ತವನ್ನು ರಿಟರ್ನಿನ ತೆರಿಗೆಯುಳ್ಳ ಮತ್ತು ತೆರಿಗೆಯಿಲ್ಲದ ಮಾರಾಟಗಳ ಮೊತ್ತದೊಂದಿಗೆ ತಾಳೆ ನೋಡಿ. ಎರಡೂ ರೂಪಾಯಿಗೆ ರೂಪಾಯಿ ಕೂಡಬೇಕು. ಕೂಡದಿದ್ದರೆ ಮೊದಲು ಜೆರಾಕ್ಸ್ ಯಂತ್ರದ ರೀಡಿಂಗ್ ಪುಸ್ತಕ ತೆಗೆಯಿರಿ, ನಂತರ ವಾಪಸು ಬಂದ ಮಾಲಿನ ಕ್ರೆಡಿಟ್ ನೋಟುಗಳನ್ನು. ವ್ಯತ್ಯಾಸ ಸಾಮಾನ್ಯವಾಗಿ ಈ ಎರಡರಲ್ಲೇ ಅಡಗಿರುತ್ತದೆ.